ಕೈಯ ಅಂಕಿ ಸರಿ, ಮಿದುಳಿನದು?

ಹುಟ್ಟಿದ ಮಗು ಮೊದಲ ನಿಮಿಷ ನೀಲಿಯಾಗಿದ್ದರೆ ಗಾಬರಿಬೀಳಬೇಕಿಲ್ಲ. ಅಲ್ಲಿಯವರೆಗೂ ಮಾಸಿನ ಮೂಲಕ ಬರುತ್ತಿದ್ದ ಆಮ್ಲಜನಕ ನಿಂತಿರುತ್ತದೆ, ದ್ರವ ತುಂಬಿದ್ದ ಶ್ವಾಸಕೋಶ ಈಗಷ್ಟೇ ಗಾಳಿ ಎಳೆದುಕೊಳ್ಳಲು ಕಲಿಯುತ್ತಿರುತ್ತದೆ. ಆರೋಗ್ಯವಂತ ಮಗುವಿನ ರಕ್ತದಲ್ಲೂ ಆಗ ಆಮ್ಲಜನಕದ ಮಟ್ಟ ಶೇ. 60ರ ಆಸುಪಾಸಿನಲ್ಲಿರುತ್ತದೆ. ಅದು ಶೇ. 80 ದಾಟಲು ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ ಬೇಕು.

ಹುಟ್ಟಿದ ಮಗುವಿನ ಸ್ಥಿತಿ ಅಳೆಯಲು ಅಮೆರಿಕದ ವೈದ್ಯೆ ವರ್ಜೀನಿಯಾ ಎಪ್ಗಾರ್ 1953ರಲ್ಲಿ ಪ್ರಕಟಿಸಿದ ಅಂಕಪದ್ಧತಿಯಲ್ಲಿ ಉಸಿರು, ಎದೆಬಡಿತಗಳ ಜೊತೆ ಮೈಬಣ್ಣಕ್ಕೂ ಅಂಕವಿದೆ. ಆದರೆ ಬಣ್ಣ ನೋಡುವ ಕಣ್ಣು ಮೋಸಹೋಗುತ್ತದೆ. ಹಾಗಾಗಿ ಈಗ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರನ್ನು ಮಗುವಿನ ಬಲಗೈಗೆ ಸುತ್ತುತ್ತಾರೆ. ಬಲಗೈಯೇ ಏಕೆಂದರೆ, ಅಲ್ಲಿಗೂ ಮಿದುಳಿಗೂ ಹೋಗುವ ರಕ್ತ ಮಹಾಪಧಮನಿಯ ಮೊದಲ ಕವಲುಗಳಿಂದಲೇ ಬರುತ್ತದೆ. ಆದರೂ ಆ ಅಂಕಿ ಹೇಳುವುದು ಹೃದಯದಿಂದ ಎಂಥ ರಕ್ತ ಹೊರಟಿದೆ ಎಂಬುದನ್ನು ಮಾತ್ರ. ಮಿದುಳಿಗೆ ಎಷ್ಟು ತಲುಪಿತು, ಅದು ಎಷ್ಟು ಬಳಸಿಕೊಂಡಿತು ಎಂಬುದು ಕೈಗೆ ಗೊತ್ತಿಲ್ಲ.

ಅದನ್ನು ತಿಳಿಯುವ ದಾರಿಯನ್ನು 1977ರಲ್ಲಿ ತೋರಿಸಿದವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೋಬ್ಸಿಸ್. ಕತ್ತಲಲ್ಲಿ ಅಂಗೈಗೆ ಟಾರ್ಚ್ ಒತ್ತಿ ಹಿಡಿದರೆ ಇನ್ನೊಂದು ಬದಿಯಲ್ಲಿ ಕೆಂಪು ಹೊಳಪು ಕಾಣುತ್ತದಲ್ಲ, ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕು ಅದಕ್ಕಿಂತಲೂ ಆಳಕ್ಕಿಳಿಯುತ್ತದೆ, ಮೂಳೆಯನ್ನೂ ದಾಟುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಒಂದು ಬಗೆಯಲ್ಲಿ, ಬರಿದಾದದ್ದು ಇನ್ನೊಂದು ಬಗೆಯಲ್ಲಿ ಈ ಬೆಳಕನ್ನು ಹೀರುತ್ತದೆ. ಮಗುವಿನ ಹಣೆಗೆ ಅಂಟಿಸಿದ ಪುಟ್ಟ ಪಟ್ಟಿ ಬೆಳಕನ್ನು ಒಳಗೆ ಬಿಟ್ಟು, ಮರಳಿ ಬಂದದ್ದನ್ನು ಅಳೆಯುತ್ತದೆ. ಅದರ ಕಣ್ಣಿಗೆ ಬೀಳುವುದು ಬಹುಪಾಲು ಅಭಿಧಮನಿಗಳ ರಕ್ತ, ಅಂದರೆ ಮಿದುಳು ಬಳಸಿ ಉಳಿಸಿದ್ದು. ಆದ್ದರಿಂದ ಅಂಕಿ ಕೈಯದಕ್ಕಿಂತ ಕಡಿಮೆಯೇ ಇರುತ್ತದೆ. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಎರಡನೇ ನಿಮಿಷಕ್ಕೆ ಸುಮಾರು ಶೇ. 40, ಹತ್ತನೆಯದಕ್ಕೆ ಸುಮಾರು ಶೇ. 75. ಸಾಧನದಿಂದ ಸಾಧನಕ್ಕೆ ಇದು ತುಸು ಬದಲಾಗುತ್ತದೆ.

ನನಗೆ ಬಹಳ ಮುಖ್ಯವೆನಿಸುವುದು ಈ ಎರಡು ಅಂಕಿಗಳು ಬೇರೆಬೇರೆ ದಾರಿ ಹಿಡಿದಾಗಿನ ಸ್ಥಿತಿ. ಕೈಯಲ್ಲಿ ಎಲ್ಲ ಸರಿಯಿದ್ದು ಹಣೆಯದು ಮೇಲೇಳದಿದ್ದರೆ, ಇನ್ನಷ್ಟು ಆಮ್ಲಜನಕ ಕೊಡುವುದೇ ಉತ್ತರವಾಗಬೇಕಿಲ್ಲ. ರಕ್ತದೊತ್ತಡ ಕುಸಿದಿರಬಹುದು. ಉಸಿರಾಟಕ್ಕೆ ಆಸರೆ ಕೊಡುವ ಭರದಲ್ಲಿ ಗಾಳಿ ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿರಬಹುದು; ಆಗ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ದಿನ ತುಂಬದ ಮಕ್ಕಳಿಗಂತೂ ಅತಿಯಾದ ಆಮ್ಲಜನಕ ಕಣ್ಣಿನ ಅಕ್ಷಿಪಟಕ್ಕೇ ಕುತ್ತು.

ಇಷ್ಟು ತಿಳಿದರೆ ಮಕ್ಕಳು ಉಳಿಯುತ್ತಾರೆಯೇ? 2023ರಲ್ಲಿ ಪ್ರಕಟವಾದ ಕಾಸ್ಗಾಡ್ ಅಧ್ಯಯನದಲ್ಲಿ 32 ವಾರ ತುಂಬುವ ಮೊದಲೇ ಹುಟ್ಟಿದ 607 ಮಕ್ಕಳಿದ್ದರು. ಮೊದಲ 15 ನಿಮಿಷ ಮಿದುಳಿನ ಅಂಕಿ ನೋಡಿಕೊಂಡು ಆರೈಕೆ ಮಾಡಿದ ಗುಂಪಿನಲ್ಲಿ ಶೇ. 82.9 ಮಕ್ಕಳು ಮಿದುಳಿಗೆ ಹಾನಿಯಿಲ್ಲದೆ ಬದುಕುಳಿದರು, ಅದನ್ನು ನೋಡದೆ ಆರೈಕೆ ಮಾಡಿದ ಇನ್ನೊಂದು ಗುಂಪಿನಲ್ಲಿ ಶೇ. 78.5. ಈ ಅಂತರ ಆಕಸ್ಮಿಕವಲ್ಲ ಎನ್ನುವಷ್ಟು ದೊಡ್ಡದಲ್ಲ. ಅದೇ ವರ್ಷ ಬಂದ ಸೇಫ್‌ಬೂಸ್ಕ್ ಅಧ್ಯಯನ ಇನ್ನೂ ಪುಟ್ಟ ಮಕ್ಕಳನ್ನು, 28 ವಾರಕ್ಕೂ ಮುನ್ನ ಹುಟ್ಟಿದ 1,601 ಮಂದಿಯನ್ನು, ಮೂರು ದಿನ ಹೀಗೆ ಗಮನಿಸಿತು. ಸಾವಾಗಲಿ ಮಿದುಳಿನ ತೀವ್ರ ಹಾನಿಯಾಗಲಿ ಕಡಿಮೆಯಾಗಲಿಲ್ಲ. ಇಷ್ಟರಿಂದಲೇ ಪಟ್ಟಿಯನ್ನು ಮೂಲೆಗೆಸೆಯಬೇಕೆಂದು ನಾನು ಹೇಳಲಾರೆ. ಮೂರು ದಿನಗಳ ಪ್ರಶ್ನೆಯೂ ಮೊದಲ 15 ನಿಮಿಷಗಳ ಪ್ರಶ್ನೆಯೂ ಒಂದೇ ಅಲ್ಲ, ಮೊದಲ ನಿಮಿಷಗಳ ಬಗ್ಗೆ ಇನ್ನೂ ದೊಡ್ಡ ಅಧ್ಯಯನ ಬೇಕು. ಅಲ್ಲಿಯವರೆಗೆ ಈ ಪಟ್ಟಿಯನ್ನು ಮಿದುಳಿನ ರಕ್ಷಾಕವಚವೆಂದು ಹೆತ್ತವರಿಗೆ ಹೇಳುವುದು ಸರಿಯಲ್ಲ.