ಆರೆಂಜ್ ಅಲರ್ಟ್ ಇತ್ತು, ಅಂಗಳದಲ್ಲಿ ಬಿಸಿಲು

ಕಳೆದ ಜುಲೈಯ ಒಂದು ಬೆಳಿಗ್ಗೆ ಏಳೂವರೆಗೆ ಫೋನ್. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಡಿಕೆ ಕೃಷಿಕರು, ತುಂಬಾ ವರ್ಷದ ಪರಿಚಯ. "ಎಂತ ಮಾರಾಯ್ರೇ, ಆರೆಂಜ್ ಅಲರ್ಟ್ ಅಂತ ಮದ್ದು ಬಿಡುವವರನ್ನು ನಿನ್ನೆ ಬರಬೇಡಿ ಅಂದೆ. ಇಡೀ ದಿನ ಬಿಸಿಲು! ಇನ್ನು ಅವರು ಸಿಗುವುದು ಯಾವಾಗಲೋ." ಅಡಿಕೆಗೆ ಬೋರ್ಡೋ ಮದ್ದು ಬಿಡುವವರು ಒಮ್ಮೆ ಕೈತಪ್ಪಿದರೆ ಏನಾಗುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸುವ ಕೊಳೆರೋಗ ನಮಗಾಗಿ ಕಾಯುವುದಿಲ್ಲ.

ಕೃಷಿಕರಿಗೆ ಹವಾಮಾನ ವಿವರಿಸುವುದು ನನ್ನ ಕೆಲಸ. ಹಾಗಾಗಿ ಬೈಗುಳವೂ ನನಗೇ. ಮುನ್ಸೂಚನೆ ತಪ್ಪುವುದೇ ಇಲ್ಲ ಅಂತ ನಾನು ವಾದ ಮಾಡುವುದಿಲ್ಲ, ತಪ್ಪುತ್ತದೆ. ಆದರೆ ಆ ದಿನ ತಪ್ಪಿರಲಿಲ್ಲ. ಅದು ಹೇಳಿದ್ದೊಂದು, ನಾವು ಕೇಳಿಸಿಕೊಂಡದ್ದು ಇನ್ನೊಂದು.

ಆರೆಂಜ್ ಅಂದರೆ 24 ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆಯ ಸಾಧ್ಯತೆ. ಎಲ್ಲಿ? ಜಿಲ್ಲೆಯಲ್ಲಿ "ಒಂದೆರಡು ಕಡೆ". ಇದು ಸುಮ್ನೆ ಸೇರಿಸಿದ ಮಾತಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದೆರಡು ಕಡೆ ಅಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 25ರವರೆಗೆ ಮಾತ್ರ. ನಮಗೆ ಇಲ್ಲಿ ಇನ್ನೊಂದು ತಮಾಷೆಯೂ ಉಂಟು. ಮಲಯಾಳಂ ವಾರ್ತೆಯಲ್ಲಿ ಇದಕ್ಕೆ "ಒಟ್ಟಪ್ಪೆಟ್ಟ" ಅನ್ನುತ್ತಾರೆ, ಅಂದರೆ ಒಂಟಿಯಾದ, ಬಿಡಿಬಿಡಿಯಾದ ಅಂತ. ಕನ್ನಡದ ಕಿವಿಗೆ ಅದು "ಒಟ್ಟು" ಅಂತ ಕೇಳಿಸಿ, ಒಟ್ಟಾರೆ ಎಲ್ಲ ಕಡೆ ಮಳೆ ಅಂದುಕೊಂಡವರನ್ನು ನಾನೇ ನೋಡಿದ್ದೇನೆ.

ಸರಿ, ಕುಂಬಳೆಯಲ್ಲಿ ಸುರಿಯುವಾಗ ಬದಿಯಡ್ಕದಲ್ಲಿ ಬಿಸಿಲು ಯಾಕೆ? ಇದಕ್ಕೆ ಗಾಳಿಯ ಸ್ವಭಾವ ಸ್ವಲ್ಪ ಗೊತ್ತಿರಬೇಕು. ಗಾಳಿಯಲ್ಲಿ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅದು ಒಣ ಗಾಳಿಯ ಲೆಕ್ಕ. ಮಳೆಯ ಕಥೆ ಇರುವುದು ಆ ಲೆಕ್ಕಕ್ಕೆ ಸೇರದ ನೀರಾವಿಯಲ್ಲಿ. ಎಷ್ಟು ಹೆಚ್ಚಿದರೂ ಅದು ನೂರರಲ್ಲಿ ನಾಲ್ಕು ಪಾಲು ದಾಟುವುದು ಅಪರೂಪ.

ಆವಿ ತುಂಬಿದ ಗಾಳಿ ಹಗುರ. ತರಬೇತಿಯಲ್ಲಿ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಮೇ ತಿಂಗಳ ಸೆಕೆಯಲ್ಲಿ ಗಾಳಿಯೇ ಭಾರ ಅನಿಸುತ್ತದೆ ಅಲ್ವಾ? ಭಾರ ಅನಿಸುವುದು ಬೆವರು ಆರದ ಕಾರಣ. ನೀರಿನ ಅಣುವಿನ ತೂಕ 18, ಸಾರಜನಕದ್ದು 28, ಆಮ್ಲಜನಕದ್ದು 32. ಭಾರದವರ ಜಾಗದಲ್ಲಿ ಹಗುರದವರು ಬಂದು ಕೂತರೆ ಒಟ್ಟು ತೂಕ ಇಳಿಯಲೇಬೇಕು. ಇಂಥ ಗಾಳಿ ಬಿಸಿಯಾದರೆ ಮೇಲೇಳುತ್ತದೆ, ಗುಡ್ಡ ಅಡ್ಡ ಬಂದರೂ ಮೇಲೇರುತ್ತದೆ. ಏರಿದ ಹಾಗೆ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ, ಹಿಗ್ಗಿದಾಗ ತಣಿಯುತ್ತದೆ, ಮೋಡ ಆಗುವವರೆಗೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ. ತಣಿದ ಗಾಳಿಗೆ ಅಷ್ಟು ಆವಿ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ, ಮೋಡವಾಗುತ್ತದೆ. ಆದರೆ ಗಾಳಿ ಎಲ್ಲ ಕಡೆ ಒಂದೇ ಸಮ ಏಳುವುದಿಲ್ಲ. ಒಂದು ಕಡೆ ಎದ್ದರೆ ಅದರ ಪಕ್ಕ ಇಳಿಯಲೇಬೇಕು. ಇಳಿಯುವ ಗಾಳಿ ಬಿಸಿಯಾಗಿ ಮೋಡವನ್ನು ಕರಗಿಸುತ್ತದೆ. ಬದಿಯಡ್ಕದ ಬಿಸಿಲಿಗೆ ಹೆಚ್ಚಾಗಿ ಇದೇ ಕಾರಣ.

ಒಂದು ಸಣ್ಣ ಲೆಕ್ಕ ಕಲಿತರೆ ಮಜಾ ಇದೆ. ಹವಾಮಾನದ ಆ್ಯಪಿನಲ್ಲಿ ಉಷ್ಣಾಂಶದ ಕೆಳಗೆ "ಡ್ಯೂ ಪಾಯಿಂಟ್" ಅಂತ ಇರುತ್ತದೆ, ಅಂದರೆ ಗಾಳಿ ಎಷ್ಟು ತಣಿದರೆ ಇಬ್ಬನಿ ಕಟ್ಟುತ್ತದೆ ಅನ್ನುವ ಡಿಗ್ರಿ. ಉಷ್ಣಾಂಶದಿಂದ ಅದನ್ನು ಕಳೆದು 125ರಿಂದ ಗುಣಿಸಿ. ಬಂದದ್ದು ಮೋಡದ ತಳ ಸುಮಾರು ಎಷ್ಟು ಮೀಟರ್ ಮೇಲಿದೆ ಅನ್ನುವ ಅಂದಾಜು. ಜುಲೈಯಲ್ಲಿ 27 ಡಿಗ್ರಿ ಇದ್ದು ಇಬ್ಬನಿಯದ್ದು 25 ಇದ್ದರೆ 250 ಮೀಟರ್ ಆಯಿತು. ನಮ್ಮ ಪೊಸಡಿಗುಂಪೆ ಗುಡ್ಡದ ತಲೆ ಮಳೆಗಾಲದಲ್ಲಿ ಮೋಡದೊಳಗೆ ಹೋಗುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ತೇವಾಂಶದ ಶೇಕಡಾ ಲೆಕ್ಕ ಮಾತ್ರ ನನಗೆ ದೊಡ್ಡ ತಲೆನೋವು. ಜನವರಿಯಲ್ಲಿ ಅಡಿಕೆ ಅಂಗಳಕ್ಕೆ ಹಾಕಿದವರು ಬೆಳಿಗ್ಗೆ ಫೋನ್ ಮಾಡಿ "95 ತೋರಿಸ್ತಾ ಉಂಟು, ಮಳೆ ಬರ್ತದಾ?" ಅಂತ ಕೇಳುತ್ತಾರೆ. ಬರುವುದಿಲ್ಲ. 21 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 18 ಗ್ರಾಂ ಆವಿಯನ್ನಷ್ಟೇ ಹಿಡಿಯುತ್ತದೆ, 33 ಡಿಗ್ರಿಯದ್ದು ಅದರ ಹತ್ತಿರಹತ್ತಿರ ಎರಡರಷ್ಟು. ಆವಿ ಅಷ್ಟೇ ಇದ್ದರೂ ಮಧ್ಯಾಹ್ನಕ್ಕೆ 95 ಇದ್ದದ್ದು 50ರ ಆಸುಪಾಸಿಗೆ ಇಳಿಯುತ್ತದೆ. ಪಾತ್ರೆ ದೊಡ್ಡದಾಯಿತು, ನೀರು ಅಷ್ಟೇ. ಅಡಿಕೆ ಒಣಗುವುದು ಆ ಹೊತ್ತಿನಲ್ಲಿ. ಸಂಜೆ ರಾಶಿ ಮಾಡಿ ಟಾರ್ಪಾಲು ಹೊದೆಸುತ್ತಿದ್ದ ಹಿರಿಯರಿಗೆ ಈ ಗ್ರಾಂ ಲೆಕ್ಕ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಒತ್ತಡದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಲವು ಮೊಬೈಲುಗಳಲ್ಲಿ ಅದನ್ನು ಅಳೆಯುವ ಸೆನ್ಸರ್ ಇರುತ್ತದೆ. ಸಮುದ್ರಮಟ್ಟದಲ್ಲಿ ಸರಾಸರಿ 1013 ಹೆಕ್ಟೋಪಾಸ್ಕಲ್, ಪ್ರತಿ ಎಂಟೊಂಬತ್ತು ಮೀಟರ್ ಹತ್ತಿದರೆ ಒಂದು ಕಡಿಮೆ. ಆದರೆ ಸಂಜೆ ನಾಲ್ಕಕ್ಕೆ ಎರಡು ಮೂರು ಇಳಿಯಿತು ಅಂತ ಗಾಬರಿಯಾಗಬೇಡಿ. ನಮ್ಮ ಕಡೆ ಬೆಳಿಗ್ಗೆ ಹತ್ತು, ರಾತ್ರಿ ಹತ್ತರ ಸುಮಾರಿಗೆ ಅದು ಏರುತ್ತದೆ, ನಾಲ್ಕರ ಹೊತ್ತಿಗೆ ಎರಡೂ ಸಲ ಇಳಿಯುತ್ತದೆ, ಸಮುದ್ರದ ಭರತ ಇಳಿತದ ಹಾಗೆ. ನಿನ್ನೆಯ ನಾಲ್ಕು ಗಂಟೆಯದ್ದನ್ನು ಇವತ್ತಿನ ನಾಲ್ಕಕ್ಕೆ ಹೋಲಿಸಿ.

ನನ್ನನ್ನು ಕೇಳಿದರೆ ಕಲಿಯಲು ಶುರು ಮಾಡಬೇಕಾದ್ದು ಮಳೆಮಾಪಕದಿಂದ. 16 ಸೆಂಟಿಮೀಟರ್ ಬಾಯಿಯ ಒಂದು ಲಾಳಿಕೆ, ಕೆಳಗೆ ಐದು ಲೀಟರಿನ ಕ್ಯಾನು. ಬಿದ್ದ ನೀರನ್ನು ಅಳತೆಯ ಲೋಟದಲ್ಲಿ ಅಳೆಯಿರಿ, 20 ಮಿಲಿಲೀಟರಿಗೆ ಒಂದು ಮಿಲಿಮೀಟರ್ ಮಳೆ. ಬಕೆಟ್ ಇಟ್ಟು ಸ್ಕೇಲ್ ಇಳಿಸುವವರಿದ್ದಾರೆ, ಬೇಡ, ಬಕೆಟಿನ ಬಾಯಿ ಅಗಲ, ತಳ ಸಣ್ಣ, ಹಾಗಾಗಿ ಜಾಸ್ತಿ ತೋರಿಸುತ್ತದೆ. ತೋಟದ ಒಳಗೆ ಇಡಬೇಡಿ, ಮಾಡಿನ ಹತ್ತಿರವೂ ಬೇಡ. ನಾನು ಮೊದಲ ವರ್ಷ ನೋಡಲಿಕ್ಕೆ ಸುಲಭ ಅಂತ ಜಗಲಿಯ ಪಕ್ಕ ಇಟ್ಟು, ಇಡೀ ಜೂನ್ ಮಾಡಿನ ನೀರನ್ನೂ ಸೇರಿಸಿ ಅಳೆದಿದ್ದೆ. ದಿನಾ ಬೆಳಿಗ್ಗೆ 8.30ಕ್ಕೆ ಅಳೆಯಿರಿ. ಇಲಾಖೆಯೂ ಅದೇ ಹೊತ್ತಿಗೆ ಅಳೆಯುತ್ತದೆ, ಆಮೇಲೆ ಹೋಲಿಸಬಹುದು. ಒಂದು ಮಿಲಿಮೀಟರ್ ಅಂದರೆ ಚದರ ಮೀಟರಿಗೆ ಒಂದು ಲೀಟರ್, ಎಕರೆಗೆ ಸುಮಾರು 4,000 ಲೀಟರ್. ಈ ಲೆಕ್ಕ ಹಾಕಿದ ಮೇಲೆ ತೋಟದ ಬಸಿಗಾಲುವೆ ಎಷ್ಟು ಅಗಲ ಬೇಕು ಅಂತ ಯಾರೂ ನನ್ನನ್ನು ಕೇಳುವುದಿಲ್ಲ.

ಬೈದವರೂ ಈಗ ಒಂದು ಲಾಳಿಕೆ ಇಟ್ಟಿದ್ದಾರೆ. ಬರೆಯುವುದು ಮಗಳ ಹಳೆಯ ನೋಟ್ ಪುಸ್ತಕದಲ್ಲಿ. ಮೊನ್ನೆ ಅವರಲ್ಲಿ ನೂರು ದಾಟಿದ ದಿನ ನಾಲ್ಕು ಕಿಲೋಮೀಟರ್ ಆಚೆ ಇರುವ ಅವರ ಭಾವನ ಮನೆಯಲ್ಲಿ ಅದರ ಅರ್ಧವೂ ಇರಲಿಲ್ಲವಂತೆ. ಫೋನ್ ಮಾಡಿದ್ದರು, ಬೈಯಲಿಕ್ಕಲ್ಲ. "ಭಾವ ಸರಿ ಅಳೆಯುದಿಲ್ಲ ಮಾರಾಯ್ರೇ, ನೀವು ಒಮ್ಮೆ ಹೋಗಿ ನೋಡಿ" ಅಂತ.