ಪೊಲೀಸ್ ಅಕಾಡೆಮಿಯ ಕುರ್ಚಿಯಲ್ಲಿ ಯಾರೂ ಯಾಕೆ ಬಹುಕಾಲ ಕೂರುವುದಿಲ್ಲ?

2010ರ ಏಪ್ರಿಲ್ 6ರಂದು ಛತ್ತೀಸಗಡದ ದಾಂತೇವಾಡದಲ್ಲಿ ಮಾವೋವಾದಿಗಳ ದಾಳಿಗೆ 76 ಭದ್ರತಾ ಸಿಬ್ಬಂದಿ ಬಲಿಯಾದರು. ಅವರಲ್ಲಿ ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಸಿಆರ್‌ಪಿಎಫ್‌ನವರು. ಅದೇ ಅಕ್ಟೋಬರಿನಲ್ಲಿ ಸಿಆರ್‌ಪಿಎಫ್‌ಗೆ ಹೊಸ ಮಹಾನಿರ್ದೇಶಕರಾಗಿ ಬಂದವರು ಕೆ. ವಿಜಯಕುಮಾರ್. ಕನ್ನಡಿಗರಿಗೆ ಈ ಹೆಸರಿನ ಪರಿಚಯ ಬೇಕಿಲ್ಲ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಕಥೆ ಮುಗಿಸಿದ ತಮಿಳುನಾಡು ವಿಶೇಷ ಕಾರ್ಯಪಡೆಯ ಮುಖ್ಯಸ್ಥರು ಅವರೇ. ಅಷ್ಟಾಗಿ ಯಾರ ಗಮನಕ್ಕೂ ಬಾರದ ಸಂಗತಿ ಬೇರೆಯಿದೆ. ದೆಹಲಿಯಿಂದ ಕರೆ ಬಂದಾಗ ಅವರು ಹೈದರಾಬಾದಿನ ಸರ್ದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯ ನಿರ್ದೇಶಕರಾಗಿದ್ದರು.

ಕಾಡಿನ ಕಾರ್ಯಾಚರಣೆ ಬಲ್ಲ ಅಧಿಕಾರಿಯೊಬ್ಬರು ದೇಶದ ಎಳೆಯ ಐಪಿಎಸ್ ಅಧಿಕಾರಿಗಳಿಗೆ ಪಾಠ ಹೇಳುತ್ತಿದ್ದರು. ದುರಂತ ನಡೆದ ಮೇಲೆ ಅವರನ್ನು ಎತ್ತಿ ಅಲ್ಲಿಗೆ ಕಳಿಸಲಾಯಿತು. ಆ ಹೊತ್ತಿನ ತುರ್ತು ನೋಡಿದರೆ ಸರ್ಕಾರದ ಲೆಕ್ಕ ತಪ್ಪೇನಲ್ಲ. ಆದರೆ ಅಕಾಡೆಮಿಯ ಕುರ್ಚಿಗೆ ಇದೇ ಪಾಡು ಮತ್ತೆ ಮತ್ತೆ ಬಂದಿದೆ. ಹೊರಗೆ ಕೆಲಸ ಬಿದ್ದಾಗ ಇಲ್ಲಿನವರನ್ನು ಒಯ್ಯುತ್ತಾರೆ, ಇಲ್ಲವೇ ನಿವೃತ್ತಿಯ ಅಂಚಿನಲ್ಲಿರುವವರು ಇಲ್ಲಿಗೆ ಬರುತ್ತಾರೆ. ಪಾಠಕ್ರಮ ಮಾತ್ರ ಯಾರೇ ಬರಲಿ ಯಾರೇ ಹೋಗಲಿ, ಸಮಿತಿಗಳ ಮತ್ತು ಸಂಕಟಗಳ ಬೆನ್ನು ಹಿಡಿದು ತನ್ನದೇ ನಿಧಾನಗತಿಯಲ್ಲಿ ಬದಲಾಗುತ್ತ ಬಂದಿದೆ.

ಬ್ರಿಟಿಷರ ಕಾಲದಲ್ಲಿ ಪೊಲೀಸ್ ಅಧಿಕಾರಿಗಳ ತರಬೇತಿ ಪ್ರಾಂತ್ಯಗಳ ಕೆಲಸವಾಗಿತ್ತು. ಮದ್ರಾಸ್ ಪ್ರಾಂತ್ಯಕ್ಕೆ ವೆಲ್ಲೂರು, ಪಂಜಾಬಿಗೆ ಫಿಲ್ಲೌರ್, ಸಂಯುಕ್ತ ಪ್ರಾಂತ್ಯಕ್ಕೆ ಮೊರಾದಾಬಾದ್, ಬಂಗಾಳಕ್ಕೆ ಸರ್ದಾ. 1902–03ರ ಫ್ರೇಸರ್ ಪೊಲೀಸ್ ಆಯೋಗ ಈ ಶಾಲೆಗಳಿಗೆ ಒತ್ತು ಕೊಟ್ಟಿತು. ಫಿಲ್ಲೌರಿನ ಶಾಲೆ ರಣಜಿತ್ ಸಿಂಗನ ಕಾಲದ ಕೋಟೆಯೊಳಗೇ ಇತ್ತು, ಈಗಲೂ ಪಂಜಾಬಿನ ಪೊಲೀಸ್ ಅಕಾಡೆಮಿ ಅಲ್ಲೇ ಇದೆ. ದೇಶ ಒಡೆದಾಗ ಸರ್ದಾ ಪೂರ್ವ ಪಾಕಿಸ್ತಾನಕ್ಕೆ ಹೋಯಿತು, ಇಂದು ಅದು ಬಾಂಗ್ಲಾದೇಶದ ಪೊಲೀಸ್ ಅಕಾಡೆಮಿ. ಇಂಡಿಯನ್ ಪೊಲೀಸ್ ಎಂಬ ಬ್ರಿಟಿಷರ ಕಾಲದ ಸೇವೆಯ ಜಾಗಕ್ಕೆ ಐಪಿಎಸ್ ತರಲು 1946ರ ಅಕ್ಟೋಬರಿನಲ್ಲಿ ಸರ್ದಾರ್ ಪಟೇಲರು ಕರೆದ ಪ್ರಾಂತೀಯ ಪ್ರಧಾನಿಗಳ ಸಮ್ಮೇಳನ ಒಪ್ಪಿತು. ಸೇವೆ ಅಖಿಲ ಭಾರತದ್ದಾದ ಮೇಲೆ ತರಬೇತಿಗೂ ಒಂದೇ ಮನೆ ಬೇಕಾಯಿತು. 1948ರ ಸೆಪ್ಟೆಂಬರ್ 15ರಂದು ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಕೇಂದ್ರೀಯ ಪೊಲೀಸ್ ತರಬೇತಿ ಕಾಲೇಜು ಶುರುವಾಯಿತು.

ಮುಖ್ಯಸ್ಥರನ್ನು ಆಗ ಕಮಾಂಡೆಂಟ್ ಎನ್ನುತ್ತಿದ್ದರು. ಹೆಸರಿನಲ್ಲೇ ಸೈನ್ಯದ ವಾಸನೆ. ಬೆಳಗಿನ ಕವಾಯತು, ಕುದುರೆ ಸವಾರಿ, ಬಂದೂಕು, ನಂತರ ದಂಡಸಂಹಿತೆ, ಸಾಕ್ಷ್ಯ ಕಾಯ್ದೆ. ಪ್ರಾಂತೀಯ ಶಾಲೆಗಳಿಂದ ಬಂದ ಪದ್ಧತಿಯೇ ಬೆಟ್ಟದ ಮೇಲೆ ಮುಂದುವರಿಯಿತು. 1967ರಲ್ಲಿ ಹೆಸರು ರಾಷ್ಟ್ರೀಯ ಪೊಲೀಸ್ ಅಕಾಡೆಮಿ ಎಂದಾಯಿತು, 1974ರಲ್ಲಿ ಪಟೇಲರ ಹೆಸರು ಸೇರಿತು. 1972ರಲ್ಲಿ ಕಿರಣ್ ಬೇಡಿ ತರಬೇತಿಗೆ ಸೇರಿದಾಗ ಗಂಡಸರೇ ತುಂಬಿದ್ದ ಬ್ಯಾಚಿನಲ್ಲಿ ಅವರೊಬ್ಬರೇ ಹೆಣ್ಣು.

ನಿಜವಾದ ತಿರುವು ಬಂದದ್ದು 1971ರಲ್ಲಿ ಕೇಂದ್ರ ನೇಮಿಸಿದ ಪೊಲೀಸ್ ತರಬೇತಿ ಸಮಿತಿಯಿಂದ. ಅಧ್ಯಕ್ಷರು ಪೊಲೀಸ್ ಅಧಿಕಾರಿಯಲ್ಲ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊ. ಎಂ.ಎಸ್. ಗೋರೆ. ಸಮಾಜಶಾಸ್ತ್ರಜ್ಞರೊಬ್ಬರನ್ನು ಪೊಲೀಸ್ ತರಬೇತಿ ತೂಗಿ ನೋಡಲು ಕೂರಿಸಿದ್ದೇ ಆ ಕಾಲಕ್ಕೆ ದೊಡ್ಡ ಮಾತು. 1973ರ ವರದಿ ಹೇಳಿದ್ದರ ತಿರುಳು ಇಷ್ಟು: ಕವಾಯತು ಮತ್ತು ಕಾನೂನಿನ ಕಲಂಗಳಲ್ಲೇ ತರಬೇತಿ ಮುಗಿಯುತ್ತಿದೆ, ಜನರ ಜತೆ ಹೇಗೆ ನಡೆದುಕೊಳ್ಳಬೇಕು, ಗುಂಪು ಯಾಕೆ ಕೆರಳುತ್ತದೆ, ಬಡವ ಠಾಣೆಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಜಾಗವೇ ಇಲ್ಲ. ಮನೋವಿಜ್ಞಾನ, ಸಮಾಜಶಾಸ್ತ್ರ, ಅಪರಾಧಶಾಸ್ತ್ರ ಬರಬೇಕು. ಜತೆಗೆ ಇನ್ನೊಂದು ಹುಣ್ಣನ್ನೂ ಸಮಿತಿ ಮುಟ್ಟಿತು. ತರಬೇತಿ ಶಾಲೆಯ ಹುದ್ದೆ ಎಂದರೆ ಮೂಲೆಗುಂಪಾದವರ ಜಾಗ ಎಂಬ ಭಾವನೆ ಇಲಾಖೆಯಲ್ಲಿ ಬೇರೂರಿದೆ, ಒಳ್ಳೆಯವರು ಅಲ್ಲಿಗೆ ಬರುವಂತೆ ಮಾಡಬೇಕು ಎಂದಿತು.

ಸಮಿತಿಯ ಮಾತು ಕಪಾಟು ಸೇರದೆ ಸ್ವಲ್ಪವಾದರೂ ಕೆಲಸ ಮಾಡಿದ್ದಕ್ಕೆ ಕಾಲ ಕೂಡಿ ಬಂದದ್ದು ಕಾರಣ ಎಂದು ನನಗನ್ನಿಸುತ್ತದೆ. 1975ರಲ್ಲಿ ಅಕಾಡೆಮಿ ಅಬುವಿನಿಂದ ಹೈದರಾಬಾದಿನ ಶಿವರಾಂಪಲ್ಲಿಗೆ ಸ್ಥಳಾಂತರವಾಯಿತು. ಬೆಟ್ಟದ ಇಕ್ಕಟ್ಟಿನ ಬದಲು 270 ಎಕರೆಗೂ ಮೀರಿದ ಆವರಣ, ಹತ್ತಿರದಲ್ಲೇ ವಿಶ್ವವಿದ್ಯಾಲಯ, ನ್ಯಾಯಾಲಯ, ದೊಡ್ಡ ನಗರದ ಪೊಲೀಸ್ ವ್ಯವಸ್ಥೆ. ಬಿಟ್ಟು ಬಂದ ಅಬುವಿನಲ್ಲಿ ಸಿಆರ್‌ಪಿಎಫ್‌ನ ಆಂತರಿಕ ಭದ್ರತಾ ಅಕಾಡೆಮಿ ತಲೆಯೆತ್ತಿತು. ಆ ಸಾಗಣೆಯ ಹೊತ್ತಿನಲ್ಲಿ ನಿರ್ದೇಶಕರಾಗಿದ್ದವರು ಎಸ್.ಎಂ. ಡಯಾಜ್. ಮುಂದೆ ಮದ್ರಾಸ್ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ವಿಭಾಗ ಕಟ್ಟಿದವರು ಎಂದರೆ ಅವರ ಮನಸ್ಸಿನ ಒಲವು ತಿಳಿಯುತ್ತದೆ. ವರದಿ, ಹೊಸ ಜಾಗ, ಓದಿನಲ್ಲಿ ಆಸಕ್ತಿಯಿರುವ ನಿರ್ದೇಶಕ ಈ ಮೂರೂ ಒಟ್ಟಿಗೆ ಕೂಡಿಬಂದದ್ದು ಅಕಾಡೆಮಿಯ ಚರಿತ್ರೆಯಲ್ಲಿ ಅಪರೂಪ.

ಎಂಬತ್ತರ ದಶಕದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಧರ್ಮವೀರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗ 1977ರಿಂದ 1981ರವರೆಗೆ ಎಂಟು ವರದಿ ಕೊಟ್ಟಿತು, ಅವುಗಳ ಮೇಲೆ ದೂಳು ಕೂತದ್ದು ಎಲ್ಲರಿಗೂ ಗೊತ್ತು. ತೊಂಬತ್ತರ ದಶಕದಲ್ಲಿ ಮಾತಿನ ದಿಕ್ಕು ಮಾನವ ಹಕ್ಕುಗಳ ಕಡೆ ತಿರುಗಿತು. ಪಂಜಾಬ್, ಕಾಶ್ಮೀರಗಳಿಂದ ಬಂಧಿತರ ಸಾವಿನ ದೂರುಗಳು ಬರುತ್ತಿದ್ದವು, 1993ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಹುಟ್ಟಿತು. ಅಕಾಡೆಮಿಯ ನಿರ್ದೇಶಕರಾಗಿದ್ದ ಶಂಕರ್ ಸೇನ್ ಮುಂದೆ ಆ ಆಯೋಗದ ತನಿಖಾ ವಿಭಾಗದ ಮಹಾನಿರ್ದೇಶಕರಾದರು. ಪೊಲೀಸರಿಗೆ ಪಾಠ ಹೇಳಿದವರೇ ಪೊಲೀಸರ ಮೇಲಿನ ದೂರು ವಿಚಾರಿಸಲು ಹೋದಂತಾಯಿತು.

ಆಮೇಲೆ ನಡೆದ ಒಂದು ಎಡವಟ್ಟಿನ ಫಲವನ್ನು ದೇಶ ಹತ್ತು ಹದಿನೈದು ವರ್ಷ ಉಂಡಿತು. 1990ರ ದಶಕದ ಕೊನೆಗೆ ಕೇಂದ್ರ ಖರ್ಚು ಕಡಿತದ ಗುಂಗಿನಲ್ಲಿ ಐಪಿಎಸ್ ನೇಮಕವನ್ನು ವರ್ಷಕ್ಕೆ ಬರೀ 36ಕ್ಕೆ ಇಳಿಸಿತು. ಇಡೀ ದೇಶಕ್ಕೆ 36! ನೂರಾರು ಜನರಿಗೆಂದು ಕಟ್ಟಿದ ಆವರಣದಲ್ಲಿ ಒಂದೇ ಕ್ಲಾಸಿಗಾಗುವಷ್ಟು ಮಂದಿ. ಕೆಲವು ವರ್ಷ ಹೀಗೇ ನಡೆದು, ಜಿಲ್ಲೆಗಳಲ್ಲಿ ಎಸ್‌ಪಿಗಳ ಕೊರತೆ ಕಾಣಿಸತೊಡಗಿದಾಗ ತಪ್ಪು ಅರಿವಾಯಿತು. ನೇಮಕ ಎಷ್ಟಿರಬೇಕು ಎಂದು ಲೆಕ್ಕ ಹಾಕುವ ಕೆಲಸವನ್ನು ಅಕಾಡೆಮಿಯ ಮಾಜಿ ನಿರ್ದೇಶಕ ಕಮಲ್ ಕುಮಾರ್ ಅವರಿಗೇ ವಹಿಸಲಾಯಿತು. 2008ರ ನವೆಂಬರಿನ ಮುಂಬೈ ದಾಳಿಯೂ ಅದೇ ಹೊತ್ತಿನಲ್ಲಿ ಎಲ್ಲರನ್ನೂ ಬಡಿದೆಬ್ಬಿಸಿತು. ಸಂಖ್ಯೆ 150ಕ್ಕೆ ಏರಿತು, 2020ರ ನಾಗರಿಕ ಸೇವಾ ಪರೀಕ್ಷೆಯ ಹೊತ್ತಿಗೆ 200ಕ್ಕೆ. ಒಮ್ಮೆ ಬರ, ಒಮ್ಮೆ ನೆರೆ. ಎರಡರಲ್ಲೂ ಪಾಠ ಕೆಡುತ್ತದೆ.

ಇಷ್ಟು ಹೊತ್ತಿಗೆ ತರಬೇತಿಯ ಚೌಕಟ್ಟು ಈಗಿನ ರೂಪಕ್ಕೆ ಬಂದಿತ್ತು. ಮಸ್ಸೂರಿಯಲ್ಲಿ ಐಎಎಸ್‌ನವರ ಜತೆ ಬುನಾದಿ ಕೋರ್ಸ್, ನಂತರ ಹೈದರಾಬಾದಿನಲ್ಲಿ ಹೆಚ್ಚುಕಡಿಮೆ ಒಂದು ವರ್ಷದ ಮೊದಲ ಹಂತ, ಆಮೇಲೆ ಹಂಚಿಕೆಯಾದ ರಾಜ್ಯದ ಜಿಲ್ಲೆಯಲ್ಲಿ ಕೆಲಸ, ಮತ್ತೆ ಹೈದರಾಬಾದಿಗೆ ಮರಳಿ ಎರಡನೇ ಹಂತ. ಜಿಲ್ಲೆಯಲ್ಲಿರುವಾಗ ಕೆಲವು ವಾರ ಒಂದು ಠಾಣೆಯನ್ನು ಸ್ವತಂತ್ರವಾಗಿ ನಡೆಸಬೇಕು. ಕಲಿತ ಕಲಂಗಳೆಲ್ಲ ಠಾಣೆ ಬಾಗಿಲಲ್ಲಿ ಕೂತ ಮುದುಕಿಯ ಮುಂದೆ ತೊದಲುವುದು ಆಗಲೇ. ಕರ್ನಾಟಕಕ್ಕೆ ಬಂದವರು ಕನ್ನಡ ಕಲಿಯಬೇಕು, ನಮ್ಮ 1963ರ ಪೊಲೀಸ್ ಕಾಯ್ದೆಯನ್ನೂ ಓದಬೇಕು. ಮಾವೋವಾದಿ ಪ್ರದೇಶಗಳಿಗಾಗಿ ನಕ್ಸಲ್ ನಿಗ್ರಹದ ಗ್ರೇಹೌಂಡ್ಸ್ ಪಡೆಯ ಬಳಿ ಕಾಡಿನ ಅಭ್ಯಾಸವೂ ಉಂಟು. ಭೂತಾನ್, ನೇಪಾಳ, ಮಾಲ್ಡೀವ್ಸ್‌ನ ಅಧಿಕಾರಿಗಳೂ ಜತೆಗೆ ಕಲಿಯುತ್ತಾರೆ. ಎಲ್ಲರಿಗಿಂತ ಮುಂದಿದ್ದವರಿಗೆ ಪ್ರಧಾನಿಯ ಬೇಟನ್ ಮತ್ತು ಗೃಹ ಸಚಿವಾಲಯದ ರಿವಾಲ್ವರ್.

2010ರ ಸುಮಾರಿಗೆ ಬಂದ ಸೇವಾವಧಿ ನಡುವಿನ ತರಬೇತಿ ನನ್ನ ಲೆಕ್ಕದಲ್ಲಿ ಗೋರೆ ವರದಿಯ ನಂತರದ ಅತಿ ದೊಡ್ಡ ಬದಲಾವಣೆ. ಅಲ್ಲಿಯವರೆಗೆ ಇಪ್ಪತ್ತೈದರ ಹರೆಯದಲ್ಲಿ ಅಕಾಡೆಮಿ ಬಿಟ್ಟವರು ಮತ್ತೆ ತರಗತಿಯ ಬೆಂಚು ನೋಡದೆ ಡಿಜಿಪಿಯಾಗಬಹುದಿತ್ತು. ಈಗ ಮೂರು, ನಾಲ್ಕು, ಐದು ಎಂಬ ಹಂತಗಳಿವೆ, ಬಡ್ತಿಗೂ ಅವಕ್ಕೂ ನಂಟು ಹಾಕಲಾಯಿತು. ಡಿಐಜಿ ಆಗುವ ಹೊತ್ತಿನವರಿಗೆ ಪಾಠ ಹೇಳಲು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರಜ್ಞರೂ ಬಂದರು. ಗಸ್ತು ಹೆಚ್ಚಿಸಿದರೆ ಕಳವು ಕಡಿಮೆಯಾಗುತ್ತದೆ ಎಂದು ನಂಬುವುದು ಬೇರೆ, ಎರಡು ಬೀದಿಗಳಲ್ಲಿ ಪ್ರಯೋಗ ಮಾಡಿ ಅಳೆಯುವುದು ಬೇರೆ ಎಂಬ ಮಾತು ಹಿರಿಯ ಅಧಿಕಾರಿಗಳ ನಡುವೆ ಆಗಿನಿಂದ ಕೇಳಿಬರತೊಡಗಿತು.

ಇನ್ನು ಕುರ್ಚಿಯ ವಿಷಯ. 2014ರ ಜನವರಿಯಲ್ಲಿ ಅರುಣಾ ಬಹುಗುಣ ಅಕಾಡೆಮಿಯ ಮೊದಲ ಮಹಿಳಾ ನಿರ್ದೇಶಕರಾದರು. ಕಿರಣ್ ಬೇಡಿ ಕಾಲಿಟ್ಟು ಆಗಲೇ ನಾಲ್ಕು ದಶಕ ಕಳೆದಿತ್ತು. (ಕರ್ನಾಟಕಕ್ಕೆ ಮೊದಲ ಮಹಿಳಾ ಡಿಜಿ–ಐಜಿಪಿಯಾಗಿ ನೀಲಮಣಿ ರಾಜು ಬಂದದ್ದು 2017ರಲ್ಲಿ, ನಾವೇನೂ ಮುಂದಿರಲಿಲ್ಲ.) ಬಹುಗುಣ ಮೂರು ವರ್ಷ ಉಳಿದು 2017ರಲ್ಲಿ ನಿವೃತ್ತರಾದರು. ಬಳಿಕ ಬಂದವರು ಡಿ.ಆರ್. ಡೋಲೆ ಬರ್ಮನ್. ಅವರ ನಂತರ ಬಂದ ಅಭಯ್ 2019ರ ಕೊನೆಗೆ ಒಡಿಶಾದ ಡಿಜಿಪಿಯಾಗಿ ಹೊರಟರು. ಎವರೆಸ್ಟ್ ಹತ್ತಿದ ಅಧಿಕಾರಿ ಅತುಲ್ ಕರ್ವಾಲ್ ಬಂದರು, ಎರಡು ವರ್ಷಕ್ಕೆ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ (ಎನ್‌ಡಿಆರ್‌ಎಫ್) ಮಹಾನಿರ್ದೇಶಕರಾದರು. ಆಮೇಲೆ ಎ.ಎಸ್. ರಾಜನ್, 2024ರಲ್ಲಿ ಅಮಿತ್ ಗರ್ಗ್. ಹತ್ತು ವರ್ಷದಲ್ಲಿ ಆರು ಮಂದಿ.

ಯಾರನ್ನೂ ದೂರಿ ಉಪಯೋಗವಿಲ್ಲ, ಕುರ್ಚಿಯ ರಚನೆಯೇ ಹಾಗಿದೆ. ನಿರ್ದೇಶಕರ ಹುದ್ದೆ ಡಿಜಿ ದರ್ಜೆಯದು. ಅಷ್ಟು ಮೇಲೇರುವ ಹೊತ್ತಿಗೆ ಅಧಿಕಾರಿಗೆ ಐವತ್ತಾರು, ಐವತ್ತೆಂಟು ವಯಸ್ಸು, ಅರವತ್ತಕ್ಕೆ ನಿವೃತ್ತಿ. ಅದೇ ದರ್ಜೆಯ ಇನ್ನೊಂದು ದೊಡ್ಡ ಹುದ್ದೆ ಖಾಲಿಯಾದರೆ ಕಣ್ಣು ಅತ್ತ ಹೋಗುವುದು ಸಹಜ. ಸಿಬಿಐ ನಿರ್ದೇಶಕರಿಗೆ ಸುಪ್ರೀಂ ಕೋರ್ಟಿನ 1997ರ ವಿನೀತ್ ನಾರಾಯಣ್ ತೀರ್ಪಿನಿಂದ ಕನಿಷ್ಠ ಎರಡು ವರ್ಷದ ಅವಧಿ ಸಿಕ್ಕಿತು. 2006ರ ಸೆಪ್ಟೆಂಬರ್ 22ರ ಪ್ರಕಾಶ್ ಸಿಂಗ್ ತೀರ್ಪು ಡಿಜಿಪಿಯಿಂದ ಹಿಡಿದು ಠಾಣಾಧಿಕಾರಿಯವರೆಗೆ ಎರಡು ವರ್ಷದ ರಕ್ಷಣೆ ಹೇಳಿತು. ಆ ಪಟ್ಟಿಯಲ್ಲಿ ತರಬೇತಿ ಸಂಸ್ಥೆಯ ಮುಖ್ಯಸ್ಥರಿಲ್ಲ. ಕ್ಷೇತ್ರದಲ್ಲಿರುವವರನ್ನು ರಾಜಕಾರಣಿಗಳ ಎತ್ತಂಗಡಿಯಿಂದ ಉಳಿಸಬೇಕಿತ್ತು, ಸರಿಯೇ. ಆದರೆ ಒಂದು ಬ್ಯಾಚು ಮೊದಲ ಹಂತದಿಂದ ಎರಡನೇ ಹಂತ ಮುಗಿಸುವವರೆಗೂ ಒಬ್ಬರೇ ನಿರ್ದೇಶಕರು ಇರುತ್ತಾರೆಂಬ ಖಾತರಿಯೂ ಇಲ್ಲದಿದ್ದರೆ, ಪಠ್ಯ ತಿದ್ದಿದವರು ಅದರ ಫಲ ನೋಡುವುದು ಯಾವಾಗ?

ಬೋಧಕರನ್ನು ಸೆಳೆಯಲು ಸರ್ಕಾರ ಹಿಡಿದ ದಾರಿ ಭತ್ಯೆ. ಕೇಂದ್ರದ ಅಕಾಡೆಮಿಗಳ ಬೋಧಕರಿಗೆ ಮೂಲ ವೇತನದ ಶೇ 30 ಇದ್ದದ್ದು ಏಳನೇ ವೇತನ ಆಯೋಗದ ನಂತರ ಶೇ 24 ಆಯಿತು, ಇತರ ಸಂಸ್ಥೆಗಳವರಿಗೆ ಶೇ 12. ಜಿಲ್ಲೆಯ ಎಸ್‌ಪಿಗಿರಿಯ ದರ್ಬಾರಿನ ಮುಂದೆ ಇದು ಸಾಲದು ಎಂದು ಇಲಾಖೆಯ ಯಾರನ್ನು ಕೇಳಿದರೂ ಹೇಳುತ್ತಾರೆ.

ಹೈದರಾಬಾದಿನ ಕತೆಯೇ ಹೀಗಾದರೆ ಕೆಳಗಿನದು ಹೇಗಿರಬೇಡ. ರಾಜ್ಯಗಳ ಪೊಲೀಸ್ ಬಲದಲ್ಲಿ ನೂರಕ್ಕೆ ಎಂಬತ್ತೈದರಷ್ಟು ಮಂದಿ ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್‌ಗಳು, ಐಪಿಎಸ್‌ನವರು ಶೇ 1ಕ್ಕೂ ಕಡಿಮೆ. ರಾಜ್ಯಗಳು ಒಟ್ಟಾರೆ ಪೊಲೀಸ್ ವೆಚ್ಚದಲ್ಲಿ ತರಬೇತಿಗೆ ಕೊಡುವುದು ಶೇ 1ರ ಆಸುಪಾಸು. ಸಂಬಳದ ವೆಚ್ಚದ ಶೇ 2.5ರಷ್ಟನ್ನಾದರೂ ತರಬೇತಿಗೆ ಇಡಿ ಎಂದು 2012ರ ರಾಷ್ಟ್ರೀಯ ತರಬೇತಿ ನೀತಿ ಹೇಳಿತ್ತು. ನಮ್ಮಲ್ಲಿ ಪಿಎಸ್‌ಐ, ಡಿವೈಎಸ್‌ಪಿಗಳಿಗೆ ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿ ಇದೆ, ಕಲಬುರಗಿಯ ನಾಗನಹಳ್ಳಿ, ಚನ್ನಪಟ್ಟಣ, ಖಾನಾಪುರಗಳಲ್ಲಿ ತರಬೇತಿ ಕೇಂದ್ರಗಳಿವೆ. ಇಲ್ಲೂ ಬರ–ನೆರೆಯ ಆಟ ತಪ್ಪಿಲ್ಲ. 545 ಪಿಎಸ್‌ಐ ಹುದ್ದೆಗಳ ನೇಮಕ ಅಕ್ರಮದಿಂದಾಗಿ 2022ರಲ್ಲಿ ರದ್ದಾಗಿ, ಮರುಪರೀಕ್ಷೆ ನಡೆಯುವಾಗ 2024ರ ಜನವರಿ ಬಂದಿತ್ತು. ಠಾಣೆಗಳಿಗೆ ಬೇಕಾದವರು ಅಷ್ಟು ಕಾಲ ತರಬೇತಿಯ ಬಾಗಿಲಿಗೇ ಬರಲಿಲ್ಲ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಾಗ ಹೈದರಾಬಾದಿನಿಂದ ಹಿಡಿದು ಜಿಲ್ಲಾ ತರಬೇತಿ ಕೇಂದ್ರದವರೆಗೆ ಪಾಠಪಟ್ಟಿ ಬುಡಸಮೇತ ಬದಲಾಗಬೇಕಾಯಿತು. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ಶೋಧ–ಜಪ್ತಿಯ ವಿಡಿಯೊ ಆಗಬೇಕು ಎಂದು ಹೊಸ ಕಾನೂನು ಹೇಳುತ್ತದೆ. ಮೊಬೈಲಿನಲ್ಲಿ ಆ ವಿಡಿಯೊ ತೆಗೆಯಬೇಕಾದವರು ಠಾಣೆಯ ಕಾನ್‌ಸ್ಟೆಬಲ್ ಮತ್ತು ತನಿಖಾಧಿಕಾರಿ. ಕೊಲೆ ಎಂದರೆ ಹಳೆಯ ಕಲಂ 302 ಬಾಯಿಗೆ ಬಂದು 103 ಎಂದು ತಿದ್ದಿಕೊಳ್ಳುವ ಎಎಸ್‌ಐಗಳ ಸೇವೆ ಇನ್ನೂ ಹಲವು ವರ್ಷ ಇದೆ, ಅವರಿಗೆ ಸಿಕ್ಕಿದ್ದು ಹೆಚ್ಚಿನ ಕಡೆ ಕೆಲವೇ ದಿನಗಳ ಮರುತರಬೇತಿ.