ಎಷ್ಟು ಡೋಸು, ಯಾರಿಗೆ, ಎಲ್ಲಿ? ಕ್ಯಾನ್ಸರ್ ಇಮ್ಯುನೊಥೆರಪಿ ಪ್ರಯೋಗಗಳು ನಡೆದುಬಂದ ದಾರಿ

ದಾವಣಗೆರೆ ಸೀಮೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ನಾಲ್ಕನೇ ಸ್ಟೇಜಿಗೆ ಹೋಗಿದೆ ಎಂದು ತಿಳಿದ ಮೇಲೆ ಮನೆಯವರ ನಡುವೆ ಎರಡು ಬಗೆಯ ಮಾತು ಹುಟ್ಟುತ್ತದೆ. "ಬೆಂಗಳೂರಾಗೆ ಹೊಸ ಇಂಜೆಕ್ಷನ್ ಬಂದೈತಂತೆ, ಟ್ರಯಲ್‌ಗೆ ಸೇರಿದ್ರೆ ದುಡ್ಡು ತಗಳಲ್ವಂತೆ" ಎನ್ನುವುದು ಒಂದು. "ಟ್ರಯಲ್ ಅಂದ್ರೆ ನಮ್ಮ ಮೇಲೆ ಪ್ರಯೋಗ ಮಾಡ್ತಾರೆ, ಬ್ಯಾಡ" ಎನ್ನುವುದು ಇನ್ನೊಂದು. ಈ ಆಸೆಗೂ ಈ ಅಂಜಿಕೆಗೂ ಚರಿತ್ರೆಯಲ್ಲಿ ಆಧಾರವಿದೆ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವ ಕ್ಯಾನ್ಸರ್ ಬಾಯಿಯದು. ಚನ್ನಗಿರಿಯಂಥ ಅಡಿಕೆಯ ತಾಲ್ಲೂಕನ್ನು ಒಳಗೊಂಡ, ಎಲೆ-ಅಡಿಕೆ-ತಂಬಾಕು ಹಾಗೂ ಗುಟ್ಕಾ ದಿನನಿತ್ಯದ ಸಂಗತಿಗಳಾಗಿರುವ ಜಿಲ್ಲೆಯಲ್ಲಿ ಈ ಚರಿತ್ರೆಯನ್ನು ತಿಳಿದುಕೊಳ್ಳುವುದು ವಿದ್ಯಾವಂತರ ಕುತೂಹಲಕ್ಕೆ ಮೀಸಲಾದ ವಿಷಯವಲ್ಲ. ಪ್ರಯೋಗವೊಂದು ತನಗೆ ಹಾಕಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಹಾಗಾಗಿ ದೇಹದ ರೋಗನಿರೋಧಕ ವ್ಯವಸ್ಥೆಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಇಮ್ಯುನೊಥೆರಪಿ ಎಂಬ ಚಿಕಿತ್ಸೆಯ ವಿಚಾರದಲ್ಲಿ ಯಾವ ಕಾಲಕ್ಕೆ, ಯಾರು, ಯಾವ ಪ್ರಶ್ನೆ ಕೇಳಿದರು ಎಂಬುದನ್ನು ಹಿಂತಿರುಗಿ ನೋಡಬೇಕಾಗುತ್ತದೆ.

ಕಥೆ 1891ರ ನ್ಯೂಯಾರ್ಕಿನಲ್ಲಿ ಶುರುವಾಗುತ್ತದೆ. ಹದಿಹರೆಯದ ಹುಡುಗಿಯೊಬ್ಬಳು ಮೂಳೆಯ ಕ್ಯಾನ್ಸರಿನಿಂದ ತನ್ನ ಕಣ್ಣೆದುರೇ ಸತ್ತಿದ್ದನ್ನು ಮರೆಯಲಾಗದ ವಿಲಿಯಂ ಕೋಲಿ ಎಂಬ ಯುವ ಶಸ್ತ್ರವೈದ್ಯ, ಆಸ್ಪತ್ರೆಯ ಹಳೆಯ ದಾಖಲೆಗಳನ್ನು ಜಾಲಾಡಿದಾಗ ವಿಚಿತ್ರ ಪ್ರಕರಣವೊಂದು ಸಿಕ್ಕಿತು: ಕತ್ತಿನ ಗಡ್ಡೆ ಹಲವು ಶಸ್ತ್ರಚಿಕಿತ್ಸೆಗಳಿಗೂ ಬಗ್ಗದೆ ಮರಳಿ ಬೆಳೆಯುತ್ತಿದ್ದ ರೋಗಿಯೊಬ್ಬನಿಗೆ ಚರ್ಮದ ತೀವ್ರ ಸೋಂಕು ತಗುಲಿ, ಜ್ವರ ಇಳಿಯುವ ಹೊತ್ತಿಗೆ ಗಡ್ಡೆಯೂ ಕರಗಿಹೋಗಿತ್ತು. ವರ್ಷಗಳ ನಂತರ ಕೋಲಿ ಅವನನ್ನು ಹುಡುಕಿಸಿದಾಗ ಆತ ಆರೋಗ್ಯವಾಗಿದ್ದ. ಹಾಗಾದರೆ ಸೋಂಕನ್ನು ನಾವೇ ತರಿಸಿದರೆ ಹೇಗೆ ಎಂದು ಯೋಚಿಸಿದ ಕೋಲಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾವನ್ನು ರೋಗಿಗಳಿಗೆ ಚುಚ್ಚತೊಡಗಿದರು. ಜೀವಂತ ಬ್ಯಾಕ್ಟೀರಿಯಾದಿಂದಲೇ ಕೆಲವರು ಸಾಯುವಂತಾದಾಗ ಕಾಯಿಸಿ ಕೊಂದ ಬ್ಯಾಕ್ಟೀರಿಯಾಗಳ ಮಿಶ್ರಣಕ್ಕೆ ಬದಲಾಯಿಸಿದರು. ಮುಂದಿನ ನಾಲ್ಕು ದಶಕಗಳಲ್ಲಿ ನೂರಾರು ಜನರಿಗೆ ಅದನ್ನು ಕೊಟ್ಟರು. ಕೆಲವರ ಗಡ್ಡೆಗಳು ನಿಜಕ್ಕೂ ಕರಗಿದವು.

ಆದರೂ 1936ರಲ್ಲಿ ಕೋಲಿ ತೀರಿಕೊಳ್ಳುವ ಹೊತ್ತಿಗೆ ಆ ಇಂಜೆಕ್ಷನ್ ಮೂಲೆ ಸೇರಿತ್ತು. ರೇಡಿಯೇಷನ್ ಬಂದದ್ದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಮಿಶ್ರಣ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುತ್ತಿರಲಿಲ್ಲ, ಚುಚ್ಚುವ ಜಾಗ ಬದಲಾಗುತ್ತಿತ್ತು, ಇಂಜೆಕ್ಷನ್ ಪಡೆಯದ ಅಂಥದೇ ರೋಗಿಗಳ ಗುಂಪಿನೊಡನೆ ಹೋಲಿಕೆ ಇರಲಿಲ್ಲ. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸುವ ವಿಧಾನ ವೈದ್ಯಲೋಕದಲ್ಲಿ ನೆಲೆಯೂರಿದ್ದು ಕ್ಷಯರೋಗದ ಸ್ಟ್ರೆಪ್ಟೊಮೈಸಿನ್ ಪ್ರಯೋಗ 1948ರಲ್ಲಿ ಪ್ರಕಟವಾದ ಮೇಲೆ. ಕೋಲಿ ಕಂಡದ್ದು ಸುಳ್ಳಾಗಿರಲಿಲ್ಲ. ಅದನ್ನು ಸಾಬೀತು ಮಾಡುವ ಸಲಕರಣೆ ಅವರ ಕಾಲದಲ್ಲಿ ಇರಲಿಲ್ಲ. "ಒಬ್ಬರಿಗೆ ವಾಸಿಯಾಯಿತಂತೆ" ಎಂಬ ಸುದ್ದಿಯನ್ನು ನಂಬಿ ಇಂದಿಗೂ ಸಾವಿರಾರು ರೂಪಾಯಿಯ ನಾಟಿ ಔಷಧ ತರುವವರನ್ನು ನೋಡುವಾಗ, ಅಂಥ ಒಬ್ಬರ ಜೊತೆಗೆ ವಾಸಿಯಾಗದ ಎಷ್ಟು ಜನರಿದ್ದರು ಎಂಬ ಲೆಕ್ಕ ಎಷ್ಟು ತಡವಾಗಿ ಬಂತು ಎಂಬುದು ನೆನಪಾಗದೆ ಇರದು.

ನಂತರದ ಅರ್ಧ ಶತಮಾನವನ್ನು ಬೇಗ ದಾಟಬಹುದು. ನಮ್ಮ ಮಕ್ಕಳ ತೋಳಿಗೆ ಕ್ಷಯದ ವಿರುದ್ಧ ಹಾಕುವ ಬಿಸಿಜಿ ಲಸಿಕೆಯನ್ನೇ ಕೊಳವೆಯ ಮೂಲಕ ಮೂತ್ರಕೋಶಕ್ಕೆ ಬಿಟ್ಟರೆ ಅಲ್ಲಿನ ಮೇಲ್ಪದರದ ಕ್ಯಾನ್ಸರ್ ಮರುಕಳಿಸುವುದು ಕಡಿಮೆಯಾಗುತ್ತದೆ ಎಂಬುದನ್ನು ಕೆನಡಾದ ಆಲ್ವಾರೊ ಮೊರಾಲೆಸ್ 1976ರಲ್ಲಿ ಒಂಬತ್ತು ರೋಗಿಗಳ ಅನುಭವದಿಂದ ವರದಿ ಮಾಡಿದರು. ಆ ಚಿಕಿತ್ಸೆ ಈಗಲೂ ಬಳಕೆಯಲ್ಲಿದೆ. ಅಮೆರಿಕದ ಸ್ಟೀವನ್ ರೋಸೆನ್‌ಬರ್ಗ್ ಇಂಟರ್‌ಲ್ಯೂಕಿನ್-2 ಎಂಬ ಪ್ರೋಟೀನನ್ನು ಮುಂದುವರಿದ ಕ್ಯಾನ್ಸರಿಗೆ ಬಳಸಿದರು. ಒಬ್ಬರಾದ ಮೇಲೊಬ್ಬರಂತೆ ಅರವತ್ತಕ್ಕೂ ಹೆಚ್ಚು ರೋಗಿಗಳಲ್ಲಿ ಏನೂ ಫಲ ಕಾಣದೆ, 1984ರಲ್ಲಿ ಒಬ್ಬ ಮಹಿಳೆಯ ಗಡ್ಡೆಗಳು ಪೂರ್ತಿ ಕರಗಿದವು. ಮೂತ್ರಪಿಂಡದ ಕ್ಯಾನ್ಸರಿಗೆ 1992ರಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 255 ರೋಗಿಗಳ ಅಧ್ಯಯನಗಳ ಆಧಾರದ ಮೇಲೆ. ಗಡ್ಡೆ ಕುಗ್ಗಿದ್ದು ಏಳರಲ್ಲಿ ಒಬ್ಬರಿಗೆ ಮಾತ್ರ. ರಕ್ತನಾಳಗಳಿಂದ ನೀರು ಸೋರಿ ರಕ್ತದೊತ್ತಡ ಕುಸಿಯುತ್ತಿದ್ದುದರಿಂದ ಐಸಿಯು ಸೌಲಭ್ಯವಿಲ್ಲದೆ ಅದನ್ನು ಕೊಡುವಂತಿರಲಿಲ್ಲ.

ದಾರಿ ತಿರುಗಿದ್ದು 1990ರ ದಶಕದಲ್ಲಿ. ರೋಗನಿರೋಧಕ ವ್ಯವಸ್ಥೆಯನ್ನು ಹೊರಗಿನಿಂದ ಕೆರಳಿಸುವ ಬದಲು, ಅದರ ಟಿ ಜೀವಕೋಶಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ದಾಳಿಯನ್ನು ದೇಹವೇ ತಡೆಹಿಡಿಯಲು ಇಟ್ಟುಕೊಂಡಿರುವ ಪ್ರೋಟೀನುಗಳನ್ನು ಪ್ರತಿಕಾಯದಿಂದ (ಆಂಟಿಬಾಡಿ, ಅಂದರೆ ಗೊತ್ತಾದ ಗುರಿಗೆ ಅಂಟಿಕೊಳ್ಳುವ ಪ್ರೋಟೀನಿನಿಂದ) ಮುಚ್ಚಿದರೆ ಏನಾಗುತ್ತದೆ ಎಂದು ವಿಜ್ಞಾನಿಗಳು ಕೇಳಿದರು. ಜಪಾನಿನ ಕ್ಯೋಟೊದಲ್ಲಿ ತಾಸುಕು ಹೊಂಜೊ ಅವರ ತಂಡ 1992ರಲ್ಲಿ ಪಿಡಿ-1 ಎಂಬ ಪ್ರೋಟೀನನ್ನು ಗುರುತಿಸಿತು. ಸಿಟಿಎಲ್‌ಎ-4 ಎಂಬ ಇನ್ನೊಂದನ್ನು ತಡೆದರೆ ಇಲಿಗಳ ಗಡ್ಡೆ ಕರಗುತ್ತದೆ ಎಂದು ಅಮೆರಿಕದ ಜೇಮ್ಸ್ ಆಲಿಸನ್ 1996ರಲ್ಲಿ ತೋರಿಸಿದರು. ಇಬ್ಬರಿಗೂ 2018ರ ನೊಬೆಲ್ ಬಂತು. ಇಲಿಯಿಂದ ಮನುಷ್ಯನವರೆಗಿನ ದಾರಿ ಮಾತ್ರ ಸಲೀಸಾಗಿರಲಿಲ್ಲ, ಮತ್ತು ಅಲ್ಲಿ ಎದುರಾದ ತೊಡಕು ಔಷಧದಲ್ಲಿ ಇದ್ದಷ್ಟೇ ಅಳತೆಗೋಲಿನಲ್ಲೂ ಇತ್ತು.

ಕಿಮೊಥೆರಪಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಕೆಲವು ವಾರಗಳ ನಂತರ ಸ್ಕ್ಯಾನ್ ಮಾಡಿ ಗಡ್ಡೆ ಕುಗ್ಗಿದೆಯೇ ಎಂದು ನೋಡಿದರೆ ಸಾಕಾಗುತ್ತಿತ್ತು. ಇಮ್ಯುನೊಥೆರಪಿಯಲ್ಲಿ ಟಿ ಜೀವಕೋಶಗಳು ಒಳನುಗ್ಗಿದ್ದರಿಂದಲೇ ಗಡ್ಡೆ ಮೊದಲು ಊದಿಕೊಂಡು ಆಮೇಲೆ ಕರಗುವುದುಂಟು. ಪರಿಣಾಮ ತಿಂಗಳುಗಳ ನಂತರ ಕಾಣಿಸಿಕೊಳ್ಳುವುದೂ ಉಂಟು. ಸಿಟಿಎಲ್‌ಎ-4 ತಡೆಯುವ ಟ್ರೆಮೆಲಿಮುಮ್ಯಾಬ್‌ನ ಮೂರನೇ ಹಂತದ ಪ್ರಯೋಗವನ್ನು, ಪ್ರಯೋಜನ ಕಾಣುತ್ತಿಲ್ಲವೆಂದು 2008ರಲ್ಲಿ ನಡುವೆಯೇ ನಿಲ್ಲಿಸಲಾಯಿತು. ಅದೇ ಬಗೆಯ ಇಪಿಲಿಮುಮ್ಯಾಬ್ ಔಷಧದ ಪ್ರಯೋಗ ನಡೆಸುತ್ತಿದ್ದವರು, ಗಡ್ಡೆ ಕುಗ್ಗಿತೇ ಎಂಬ ತಮ್ಮ ಮುಖ್ಯ ಪ್ರಶ್ನೆಯನ್ನು ರೋಗಿ ಎಷ್ಟು ಕಾಲ ಬದುಕಿದ ಎಂಬ ಪ್ರಶ್ನೆಗೆ ಬದಲಾಯಿಸಿಕೊಂಡರು. ಹರಡಿದ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ 676 ರೋಗಿಗಳ ಆ ಪ್ರಯೋಗದ ಫಲಿತಾಂಶ 2010ರಲ್ಲಿ ಬಂದಾಗ, ಇಪಿಲಿಮುಮ್ಯಾಬ್ ಪಡೆದವರ ಮಧ್ಯಕ ಬದುಕು (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) 10 ತಿಂಗಳು, ಹೋಲಿಕೆಯ ಗುಂಪಿನದು 6.4 ತಿಂಗಳು. ಈ ಸಂಖ್ಯೆ ಚಿಕ್ಕದೆನಿಸಬಹುದು. ಆದರೆ ಆ ಕಾಯಿಲೆಯಲ್ಲಿ ಬದುಕನ್ನು ಉದ್ದ ಮಾಡಿದೆ ಎಂದು ಅಂಥ ದೊಡ್ಡ ಪ್ರಯೋಗ ತೋರಿಸಿದ ಮೊದಲ ಔಷಧ ಅದು, ಮತ್ತು ಸಣ್ಣ ಪಾಲಿನ ರೋಗಿಗಳು ವರ್ಷಗಟ್ಟಲೆ ಬದುಕಿದರು. ಪಿಡಿ-1 ತಡೆಯುವ ನಿವೊಲುಮ್ಯಾಬ್ ಮತ್ತು ಪೆಂಬ್ರೊಲಿಜುಮ್ಯಾಬ್ 2014ರಲ್ಲಿ ಮಾರುಕಟ್ಟೆಗೆ ಬಂದವು.

ಅಂಜಿಕೆಗೂ ಆಧಾರವಿದೆ ಎಂದೆನಷ್ಟೆ. ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ 2006ರ ಮಾರ್ಚಿನಲ್ಲಿ ಟಿ ಜೀವಕೋಶಗಳನ್ನು ಕೆರಳಿಸುವ ಟಿಜಿಎನ್1412 ಎಂಬ ಪ್ರತಿಕಾಯವನ್ನು ಮೊಟ್ಟಮೊದಲ ಬಾರಿಗೆ ಮನುಷ್ಯರಿಗೆ, ಅಂದರೆ ಆರು ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ, ಕೆಲವೇ ನಿಮಿಷಗಳ ಅಂತರದಲ್ಲಿ ಒಬ್ಬರಾದ ಮೇಲೊಬ್ಬರಿಗೆ ಕೊಡಲಾಯಿತು. ಪ್ರಾಣಿಗಳಲ್ಲಿ ಸುರಕ್ಷಿತವೆಂದು ಕಂಡ ಡೋಸಿನ 500ರಲ್ಲಿ ಒಂದು ಪಾಲು ಮಾತ್ರ ಕೊಟ್ಟಿದ್ದರೂ ಆರೂ ಮಂದಿಯ ರೋಗನಿರೋಧಕ ವ್ಯವಸ್ಥೆ ಏಕಾಏಕಿ ಕೆರಳಿ, ಅಂಗಾಂಗಗಳು ಕುಸಿದು, ಎಲ್ಲರೂ ಐಸಿಯು ಸೇರಿದರು. ಜೀವ ಉಳಿಯಿತು, ಒಬ್ಬ ಯುವಕ ಬೆರಳುಗಳನ್ನು ಕಳೆದುಕೊಂಡ. ಮೊದಲ ವ್ಯಕ್ತಿಗೆ ಕೊಟ್ಟು, ಕಾದು ನೋಡಿ, ಆಮೇಲೆ ಎರಡನೆಯವರಿಗೆ ಕೊಡಬೇಕೆಂಬ ಕಟ್ಟುನಿಟ್ಟು ಗಟ್ಟಿಯಾದದ್ದು ಈ ಘಟನೆಯ ನಂತರ.

ಭಾರತದ ಗಾಯ ಬೇರೆ ಬಗೆಯದು. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ 1999-2000ರಲ್ಲಿ ಬಾಯಿಯ ಕ್ಯಾನ್ಸರಿನ ರೋಗಿಗಳ ಗಡ್ಡೆಗೆ ಪ್ರಯೋಗದ ರಾಸಾಯನಿಕವೊಂದನ್ನು ಚುಚ್ಚಲಾಗಿತ್ತು. ಅದು ಇಮ್ಯುನೊಥೆರಪಿಯಲ್ಲ, ಆದರೆ ಇಲ್ಲಿನ ಸಂಶಯದ ಬೇರು ಅಲ್ಲಿಯೂ ಇದೆ: ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಯ ಆ ಪ್ರಯೋಗಕ್ಕೆ ತನ್ನ ಪರಿಶೀಲನಾ ಮಂಡಳಿಯ ಅನುಮತಿಯೇ ಇರಲಿಲ್ಲವೆಂದು ಆ ವಿಶ್ವವಿದ್ಯಾಲಯವೇ 2001ರಲ್ಲಿ ಒಪ್ಪಿಕೊಂಡಿತು. ಪ್ರಯೋಗಗಳನ್ನು ನೋಂದಾಯಿಸುವ ಭಾರತದ ಸಾರ್ವಜನಿಕ ದಾಖಲೆ ಸಿಟಿಆರ್‌ಐ 2007ರಲ್ಲಿ ಆರಂಭವಾಗಿ 2009ರ ಜೂನಿನಿಂದ ಕಡ್ಡಾಯವಾಯಿತು. ಸ್ವಾಸ್ಥ್ಯ ಅಧಿಕಾರ್ ಮಂಚ್ ಎಂಬ ಸಂಘಟನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ 2013ರಲ್ಲಿ ಪರಿಹಾರದ ನಿಯಮ, ಒಪ್ಪಿಗೆಯನ್ನು ವೀಡಿಯೊ ಮಾಡುವ ನಿಯಮ ಬಂದವು. ಇವೆಲ್ಲ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಒಂದೆಡೆ ಸೇರಿವೆ.

ಆ ನಿಯಮಗಳೊಳಗಿನ ಒಂದು ಲೆಕ್ಕ ಮುಂದುವರಿದ ಕ್ಯಾನ್ಸರಿನ ರೋಗಿಗಳಿಗೆ ನೇರವಾಗಿ ತಟ್ಟುತ್ತದೆ. ಪ್ರಯೋಗದ ಕಾರಣದಿಂದ ಸಾವು ಸಂಭವಿಸಿದರೆ ಕೊಡಬೇಕಾದ ಪರಿಹಾರವನ್ನು 8 ಲಕ್ಷ ರೂಪಾಯಿಯ ಮೂಲ ಮೊತ್ತ, ವಯಸ್ಸು ಮತ್ತು ರೋಗದ ತೀವ್ರತೆಯ ಗುಣಾಂಕದಿಂದ ಲೆಕ್ಕ ಹಾಕಲಾಗುತ್ತದೆ. ಆರೋಗ್ಯವಂತ ಸ್ವಯಂಸೇವಕನ ಗುಣಾಂಕ 4. ಆರು ತಿಂಗಳಿಗಿಂತ ಹೆಚ್ಚು ಬದುಕಲಾರ ಎನಿಸಿದ ರೋಗಿಯದು 0.5. ಹೀಗಾಗಿ 65 ವರ್ಷದ ಇಬ್ಬರಲ್ಲಿ ಒಬ್ಬನ ಕುಟುಂಬಕ್ಕೆ 32 ಲಕ್ಷ, ಇನ್ನೊಬ್ಬನದಕ್ಕೆ 4 ಲಕ್ಷ. ವಿಮಾ ಗಣಿತದ ಕಣ್ಣಿಗೆ ಇದು ಸರಿಯಿರಬಹುದು. ಕೊನೆಯ ಆರು ತಿಂಗಳಿಗೆ ಮನೆಯವರು ಕೊಡುವ ಬೆಲೆ ಈ ಗುಣಾಂಕದಲ್ಲಿ ಇಲ್ಲ.

ಇನ್ನು ಡೋಸಿನ ಪ್ರಶ್ನೆ. ನನಗೆ ಈ ಇಡೀ ಚರಿತ್ರೆಯಲ್ಲಿ ನಮ್ಮ ಊರುಗಳಿಗೆ ಅತ್ಯಂತ ಮುಖ್ಯವಾದದ್ದು ಇದೇ ಎನಿಸುತ್ತದೆ. ಕಿಮೊಥೆರಪಿಯ ಕಾಲದ ರೂಢಿಯೆಂದರೆ, ದೇಹ ತಡೆದುಕೊಳ್ಳಬಲ್ಲ ಗರಿಷ್ಠ ಡೋಸನ್ನು ಹುಡುಕಿ ಅದರ ಹತ್ತಿರದಲ್ಲಿ ಚಿಕಿತ್ಸೆ ನಡೆಸುವುದು. ನಿವೊಲುಮ್ಯಾಬ್‌ನ ಮೊದಲ ಪ್ರಯೋಗಗಳಲ್ಲಿ ದೇಹತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂನಿಂದ 10 ಮಿಲಿಗ್ರಾಂವರೆಗೆ ಕೊಟ್ಟು ನೋಡಿದರೂ ಅಂಥ ಗರಿಷ್ಠ ಮಿತಿ ಸಿಗಲೇ ಇಲ್ಲ. ಕಡಿಮೆ ಡೋಸಿನಲ್ಲೇ ಟಿ ಜೀವಕೋಶಗಳ ಪಿಡಿ-1 ಬಹುಪಾಲು ಮುಚ್ಚಿಹೋಗುತ್ತಿತ್ತು. ಆದರೂ ಬಳಕೆಗೆ ಬಂದದ್ದು ದೊಡ್ಡ ಡೋಸು, ಆಮೇಲೆ ತೂಕವನ್ನೇ ನೋಡದ ಏಕರೂಪದ ಡೋಸು. ಪೆಂಬ್ರೊಲಿಜುಮ್ಯಾಬ್ ಮೊದಲು ಅನುಮತಿ ಪಡೆದದ್ದು ಕಿಲೋಗೆ 2 ಮಿಲಿಗ್ರಾಂನಂತೆ, ಬಳಿಕ ಎಲ್ಲರಿಗೂ 200 ಮಿಲಿಗ್ರಾಂ ಎಂದಾಯಿತು. ಬಾಯಿಯ ಕ್ಯಾನ್ಸರಿನಿಂದ ಊಟ ಸೇರದೆ 50 ಕಿಲೋಗೆ ಇಳಿದ ನಮ್ಮ ರೋಗಿಗೆ ಇದು ಮೊದಲಿನ ಲೆಕ್ಕದ ಎರಡು ಪಟ್ಟು, ಬಿಲ್ಲೂ ಹಾಗೆಯೇ. ಕಡಿಮೆ ಮಾರಿದರೂ ಸಾಕೇ ಎಂದು ಔಷಧ ಮಾರುವವರು ಕೇಳಿಕೊಳ್ಳಲಿ ಎಂದು ನಿರೀಕ್ಷಿಸುವುದು ಅತಿಯಾದೀತು.

ಆ ಪ್ರಶ್ನೆಯನ್ನು ಕೇಳಿದ್ದು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು. ತಲೆ-ಕತ್ತಿನ ಭಾಗದ ಮುಂದುವರಿದ ಕ್ಯಾನ್ಸರಿನ 151 ರೋಗಿಗಳಲ್ಲಿ ಒಂದು ಗುಂಪಿಗೆ ಬಾಯಿಯ ಮೂಲಕ ಕೊಡುವ ಅಗ್ಗದ ಮೂರು ಮಾತ್ರೆಗಳ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜೊತೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್. ಪೂರ್ಣ ಡೋಸು ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಆದ್ದರಿಂದ, ಆರು ವಾರಗಳಲ್ಲಿ 720ರ ಬದಲು 40 ಮಿಲಿಗ್ರಾಂ, ಹದಿನೆಂಟರಲ್ಲಿ ಒಂದು ಪಾಲು. ಒಂದು ವರ್ಷ ಬದುಕಿದವರ ಪ್ರಮಾಣ ಮಾತ್ರೆಗಳ ಗುಂಪಿನಲ್ಲಿ ಶೇ. 16.3 ಇದ್ದರೆ ಇಂಜೆಕ್ಷನ್ ಸೇರಿದ ಗುಂಪಿನಲ್ಲಿ ಶೇ. 43.4, ಮಧ್ಯಕ ಬದುಕು 6.7 ತಿಂಗಳಿಂದ 10.1 ತಿಂಗಳಿಗೆ ಏರಿತು. ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಇಮ್ಯುನೊಥೆರಪಿಯೇ ಇಲ್ಲದಿರುವುದಕ್ಕಿಂತ ಕಡಿಮೆ ಡೋಸು ಮೇಲು ಎಂದು ಈ ಪ್ರಯೋಗ ತೋರಿಸಿತು. ಅದು ಪೂರ್ಣ ಡೋಸಿಗೆ ಸಮ ಎಂದು ತೋರಿಸಲಿಲ್ಲ, ಏಕೆಂದರೆ ಪೂರ್ಣ ಡೋಸಿನ ಗುಂಪು ಅದರಲ್ಲಿ ಇರಲೇ ಇಲ್ಲ. ಎರಡೂ ಸಮವೆಂದು ಸಾಬೀತು ಮಾಡಲು ಬಹಳ ಹೆಚ್ಚು ರೋಗಿಗಳು ಬೇಕು, ಅದರ ಖರ್ಚನ್ನು ಸಾರ್ವಜನಿಕ ಹಣವೇ ಹೊರಬೇಕು.

ಇತ್ತೀಚಿನ ಹೆಜ್ಜೆ ಡ್ರಿಪ್ಪಿನಿಂದ ಚರ್ಮದಡಿಯ ಚುಚ್ಚುಮದ್ದಿಗೆ. ಈವರೆಗೆ ಹೇಳಿದ ಪಿಡಿ-1 ಔಷಧಗಳನ್ನು ಜನ ಇಂಜೆಕ್ಷನ್ ಎಂದರೂ ಅವು ಅರ್ಧ ಗಂಟೆಯೋ ಹೆಚ್ಚೋ ರಕ್ತನಾಳಕ್ಕೆ ಹನಿಯುವಂಥವು. ಚರ್ಮದಡಿಯ ಅಂಗಾಂಶವನ್ನು ಸ್ವಲ್ಪ ಹೊತ್ತು ಸಡಿಲಿಸುವ ಹಯಾಲುರೊನಿಡೇಸ್ ಎಂಬ ಕಿಣ್ವವನ್ನು ಬೆರೆಸಿದರೆ ತೊಡೆಗೋ ಹೊಟ್ಟೆಗೋ ಕೆಲವೇ ನಿಮಿಷಗಳಲ್ಲಿ ಚುಚ್ಚಿ ಮುಗಿಸಬಹುದು. ಪಿಡಿ-1ಕ್ಕೆ ಅಂಟಿಕೊಳ್ಳುವ ಜೋಡಿ ಪ್ರೋಟೀನನ್ನು ತಡೆಯುವ ಅಟೆಜೊಲಿಜುಮ್ಯಾಬ್‌ನ ಇಂಥ ರೂಪಕ್ಕೆ ಬ್ರಿಟನ್ 2023ರಲ್ಲಿ, ನಿವೊಲುಮ್ಯಾಬ್‌ನದಕ್ಕೆ ಅಮೆರಿಕ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟವು. ಮೂತ್ರಪಿಂಡದ ಕ್ಯಾನ್ಸರಿನ 495 ರೋಗಿಗಳ ನಿವೊಲುಮ್ಯಾಬ್ ಪ್ರಯೋಗದ ಮುಖ್ಯ ಪ್ರಶ್ನೆ, ರಕ್ತದಲ್ಲಿ ಔಷಧದ ಮಟ್ಟ ಡ್ರಿಪ್ಪಿಗಿಂತ ಕಡಿಮೆಯಾಗುತ್ತದೆಯೇ ಎಂಬುದು, ಆಗಲಿಲ್ಲ. ಹಳೆಯ ರೂಪದ ಪೇಟೆಂಟ್ ಮುಗಿಯುವ ಕಾಲಕ್ಕೆ ಹೊಸ ರೂಪ ಬರುವುದರಲ್ಲಿ ವ್ಯಾಪಾರದ ಲೆಕ್ಕವೂ ಇದೆ. ಆದರೆ ರೋಗಿಯನ್ನು ಕರೆದುಕೊಂಡು 260 ಕಿಲೋಮೀಟರ್ ದೂರದ ಬೆಂಗಳೂರಿಗೆ ಮೂರು ವಾರಕ್ಕೊಮ್ಮೆ ಹೋಗಿಬರುವ ಕುಟುಂಬಕ್ಕೆ, ಕೆಲವು ನಿಮಿಷಗಳ ಇಂಜೆಕ್ಷನ್ನು ಜಿಲ್ಲಾ ಆಸ್ಪತ್ರೆಯಲ್ಲೇ ಸಿಕ್ಕೀತೇ ಎಂಬುದು ಸಹಜ ಪ್ರಶ್ನೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮೂರು ವರ್ಷದೊಳಗೆ ಕ್ಯಾನ್ಸರ್ ಡೇ-ಕೇರ್ ಕೇಂದ್ರ ತೆರೆಯುವುದಾಗಿ, ಮೊದಲ ವರ್ಷವೇ 200 ತೆರೆಯುವುದಾಗಿ ಕೇಂದ್ರದ 2025-26ರ ಬಜೆಟ್ ಹೇಳಿದೆ.

ಚುಚ್ಚುವುದು ಸುಲಭವಾದ ಮಾತ್ರಕ್ಕೆ ಔಷಧ ಸುಲಭದ್ದಾಗುವುದಿಲ್ಲ. ತಡೆ ತೆಗೆದ ರೋಗನಿರೋಧಕ ವ್ಯವಸ್ಥೆ ಗಡ್ಡೆಯನ್ನು ಬಿಟ್ಟು ಥೈರಾಯ್ಡ್, ದೊಡ್ಡ ಕರುಳು, ಯಕೃತ್ತು, ಶ್ವಾಸಕೋಶದ ಮೇಲೂ ತಿರುಗಬಹುದು, ಕೆಲವೊಮ್ಮೆ ಕೊನೆಯ ಡೋಸಾಗಿ ತಿಂಗಳುಗಳಾದ ಮೇಲೆ. ಜಗಳೂರಿನಲ್ಲೋ ಹೊನ್ನಾಳಿಯಲ್ಲೋ ಅಂಥ ರೋಗಿಗೆ ಭೇದಿ ಹತ್ತಿದರೆ ಹತ್ತಿರದ ಕ್ಲಿನಿಕ್ಕಿನಲ್ಲಿ ಅದು ಮಾಮೂಲಿ ಹೊಟ್ಟೆ ಕೆಟ್ಟದ್ದಾಗಿ ಕಂಡು ಆಂಟಿಬಯಾಟಿಕ್ ಸಿಗುತ್ತದೆ. ಬೇಕಾಗಿರುವುದು ತಡಮಾಡದೆ ಸ್ಟಿರಾಯ್ಡ್ ಇರಬಹುದು. ತಡವಾದರೆ ಕರುಳು ತೂತಾಗುವ ಅಪಾಯವಿದೆ. ಪ್ರಯೋಗಕ್ಕೆ ಸೇರಿದವರಿಗೆ ಒಪ್ಪಿಗೆ ಪತ್ರ ಮತ್ತು ಮಾಹಿತಿ ಹಾಳೆಯ ಪ್ರತಿ ಕೊಡುವುದು ಕಡ್ಡಾಯ, ಅದರಲ್ಲಿ ಪ್ರಯೋಗದ ವೈದ್ಯರ ಫೋನ್ ನಂಬರ್ ಇರುತ್ತದೆ. ಭೇದಿ, ಒಣಕೆಮ್ಮು, ವಿಪರೀತ ಸುಸ್ತು ಕಂಡರೆ ಊರಿನ ಡಾಕ್ಟರಿಗೆ ತೋರಿಸಬೇಕಾದ ಮೊದಲ ಕಾಗದ ಆ ಹಾಳೆ.